ಗ್ರಹಗಳಿಲ್ಲದ ಹುಡುಗ, ಅನುಮತಿ ಕೊಡದ ಮೇಷ್ಟ್ರು

ಕಂಪ್ಯೂಟರ್ ರಿಪೇರಿಯವನನ್ನು ಜನ ರಿಪೇರಿಗೆ ಮಾತ್ರ ಕರೆಯುತ್ತಾರೆ ಅನ್ನುವುದು ಅರ್ಧ ಸತ್ಯ. ಮಿಕ್ಕರ್ಧ ಸಲ ನನ್ನನ್ನು ಕರೆಸಿಕೊಂಡದ್ದು ದೆವ್ವ ಬಿಡಿಸಲಿಕ್ಕೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ತುಮಕೂರಿನ ಬಿ.ಎಚ್. ರಸ್ತೆಯ ಒಂದು ಮಹಡಿಯ ಮೇಲೆ ಅಂಗಡಿ ತೆರೆದೆ. ಕಂಪ್ಯೂಟರ್ ಇಟ್ಟ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲ ಅದು. ಈ ಕಡೆ ಗುಬ್ಬಿ, ಆ ಕಡೆ ಕುಣಿಗಲ್, ಎಲ್ಲಿಂದ ಫೋನ್ ಬಂದರೂ ಹಳೇ ಬೈಕ್ ಹತ್ತಿ ಹೊರಡುತ್ತಿದ್ದೆ. ಹಾರ್ಡ್‌ಡಿಸ್ಕ್ ಸುಟ್ಟುಹೋಯಿತು ಅಂದರೆ ಜನ ಬೇಜಾರು ಮಾಡಿಕೊಳ್ಳುತ್ತಿದ್ದರು, ಅಷ್ಟೇ. ಆದರೆ ಕಂಪ್ಯೂಟರ್ ಚೆನ್ನಾಗಿದೆ, ಫೈಲು ಕಣ್ಣೆದುರಿಗೇ ಇದೆ, ತೆಗೆಯಲು ಹೋದರೆ ಮಾತ್ರ ಯಾರೋ ಮಧ್ಯೆ ಕೈ ಅಡ್ಡ ಹಿಡಿದು ‘ಬಿಡಲ್ಲ’ ಅನ್ನುತ್ತಾರೆ ಎಂದಾಗ ಹೆದರುತ್ತಿದ್ದರು. ಅದು ಬರೀ ಸೆಕ್ಯುರಿಟಿ ಸೆಟ್ಟಿಂಗು ಕಣ್ರೀ ಅಂದರೆ ನಂಬುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಕೆಲವು ಸಲ ಆ ಮಾತು ಹೇಳುವಾಗ ನನಗೂ ಪೂರ್ತಿ ನಂಬಿಕೆ ಇರುತ್ತಿರಲಿಲ್ಲ.

ಬೀಗದ ಕೋಣೆಯ ಹೆಂಗಸು

ಕುಣಿಗಲ್ ಕಡೆಯ ಒಂದು ಹೈಸ್ಕೂಲು. ಹೆಡ್‌ಮಾಸ್ಟರು ಫೋನ್ ಮಾಡಿ, “ಎಸ್ಸೆಸ್ಸೆಲ್ಸಿ ಮಕ್ಕಳ ಅಂಕದ ಫೈಲು ಮಾಯ ಆಗಿದೆ. ಬೇಗ ಬನ್ನಿ. ಇನ್ನೂ ಒಂದು ವಿಷಯ ಇದೆ, ಫೋನಲ್ಲಿ ಬೇಡ,” ಅಂದರು.

ನಾನು ಹೋಗುವ ಹೊತ್ತಿಗೆ ಸ್ಕೂಲು ಬಿಟ್ಟಿತ್ತು. ಉದ್ದನೆ ಜಗಲಿ. ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಕೊನೆಯಲ್ಲಿ ಕಂಪ್ಯೂಟರ್ ಕೋಣೆ. ಅದರ ಬಾಗಿಲಿಗೆ ಬೀಗ, ಬೀಗದ ಮೇಲೆ ದಾರದಲ್ಲಿ ಕಟ್ಟಿದ ನಿಂಬೆಹಣ್ಣು, ಒಣಗಿ ಕಪ್ಪಾಗಿತ್ತು. ಜೊತೆಗೆ ಬರುತ್ತಿದ್ದ ಅಟೆಂಡರು ಜಗಲಿಯ ಅರ್ಧಕ್ಕೇ ನಿಂತುಬಿಟ್ಟ.

“ಯಾಕಪ್ಪಾ, ಬಾ ಬೀಗ ತೆಗಿ,” ಅಂದೆ.

“ಬೀಗದ ಕೈ ಇಲ್ಲಿಂದ್ಲೇ ಎಸೀತೀನಿ ಸಾರ್, ನೀವೇ ತಕ್ಕೊಳ್ಳಿ. ಒಳಗೊಂದು ಹೆಣ್ಣು ಅವ್ಳೆ.”

“ಹೆಣ್ಣಾ?”

“ಹೂಂ ಸಾರ್. ಇಂಗ್ಲಿಷ್ ಮಾತಾಡ್ತಾಳೆ.”

ನಾನು ನಕ್ಕು ಹೆಡ್‌ಮಾಸ್ಟರ ಕಡೆ ನೋಡಿದೆ. ಅವರು ನಗಲಿಲ್ಲ. “ನಾನೂ ಕೇಳಿದೀನಿ ಕಣ್ರೀ. ಯಾರೂ ಇಲ್ಲದ ಹೊತ್ತಲ್ಲೇ ಮಾತಾಡ್ತಾಳೆ,” ಅಂದರು.

ಬಾಗಿಲಿಗೆ ಕಿವಿ ಇಟ್ಟೆ. ಒಳಗೆ ಫ್ಯಾನಿನದೋ ಯಾತರದೋ ಒಂದು ಗುಂಯ್ ಸದ್ದು ಇತ್ತು. ಮತ್ತೇನೂ ಇರಲಿಲ್ಲ. ಇನ್ನೇನು ಬೀಗಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಕತ್ತಲೆ ಕೋಣೆಯ ಒಳಗಿಂದ ಒಬ್ಬ ಹೆಂಗಸು, ಮೆಲ್ಲಗೆ, ತಣ್ಣಗೆ, ಯಾರಿಗೋ ಕಾದು ಸಾಕಾದವಳ ಹಾಗೆ ಒಂದೇ ಒಂದು ವಾಕ್ಯ ಹೇಳಿ ಸುಮ್ಮನಾದಳು. ಕುಣಿಗಲ್ ಸೀಮೆಯಲ್ಲಿ ಅಂಥ ಇಂಗ್ಲಿಷನ್ನು ಯಾರೂ ಆಡುವುದಿಲ್ಲ. ನನ್ನ ಮುಂಗೈ ಕೂದಲು ನೆಟ್ಟಗಾಯಿತು. ಹೆಡ್‌ಮಾಸ್ಟರು ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡಿದ್ದರು.

ಹೇಗೋ ಧೈರ್ಯ ಮಾಡಿ ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ. ಮಾನಿಟರ್ ಕಪ್ಪಗಿದೆ, ಕೆಳಗೆ ಪೆಟ್ಟಿಗೆಯ ಹಸಿರು ದೀಪ ಮಾತ್ರ ಉರಿಯುತ್ತಿದೆ. ಮೌಸ್ ಅಲ್ಲಾಡಿಸಿದೆ. ಆಗ ಅರ್ಥವಾಯಿತು. ಹೆಡ್‌ಮಾಸ್ಟರು, ಆಫ್ ಮಾಡಿದರೆ ಎಲ್ಲಿ ಮತ್ತೆ ಆನ್ ಆಗುವುದಿಲ್ಲವೋ ಎಂದು ಕಂಪ್ಯೂಟರನ್ನು ಆಫ್ ಮಾಡಲೇ ಬಿಟ್ಟಿರಲಿಲ್ಲ. ಅದಕ್ಕೆ ಯಾರೋ ಮಾತನಾಡುವ ಆಂಟಿವೈರಸ್ ಹಾಕಿ ಹೋಗಿದ್ದರು. ಫೋನ್ ಲೈನಿನಿಂದ ಹೊಸ ಮಾಹಿತಿ ಬಂದಾಗಲೆಲ್ಲ ಸ್ಪೀಕರಿನಲ್ಲಿ ಅದು ಹೆಣ್ಣು ದನಿಯಲ್ಲಿ ಸುದ್ದಿ ಹೇಳುತ್ತಿತ್ತು. ಅಂಕದ ಫೈಲಿನ ಮೇಲೆ ಅನುಮಾನ ಬಂದು ಅದನ್ನು ಹಿಡಿದು ತನ್ನ ಜೈಲಿಗೆ ಹಾಕಿಕೊಂಡದ್ದೂ ಅದೇ. ಫೈಲು ಬಿಡಿಸಿ ಕೊಟ್ಟೆ.

“ಅವಳು ಇಷ್ಟು ದಿನದಿಂದ ಹೇಳ್ತಿದ್ದಿದ್ದು ಏನ್ರೀ?” ಹೆಡ್‌ಮಾಸ್ಟರು ಕೇಳಿದರು.

“ಹೊಸ ವೈರಸ್‌ಗಳ ವಿವರ ಬಂದಿದೆ ಅಂತ ಸರ್.”

“ಅಷ್ಟೇನಾ!” ಅಂದರು. ಸ್ವಲ್ಪ ನಿರಾಸೆಯಾದಂತಿತ್ತು.

ದನಿ ನಿಲ್ಲಿಸಿ ಬಂದೆ. ಕೆಲವು ವಾರ ಬಿಟ್ಟು ಮತ್ತೆ ಫೋನು. “ಸ್ವಾಮಿ, ಆ ಹೆಂಗಸನ್ನ ವಾಪಸ್ ಹಾಕಿಕೊಡಿ.”

“ಯಾಕೆ ಸರ್, ಮತ್ತೆ ಏನಾಯ್ತು?”

“ಅವಳು ಹೋದಾಗಿನಿಂದ ಊರಿನವರು ಕಾಂಪೌಂಡ್ ಹಾರಿ ನಮ್ಮ ಎಳನೀರೆಲ್ಲ ಖಾಲಿ ಮಾಡಿದ್ರು ಕಣ್ರೀ. ಇವರು ನಿಂಬೆಹಣ್ಣಿಗೆ ಹೆದರೋರಲ್ಲ. ಇಂಗ್ಲಿಷಿಗೆ ಹೆದರ್ತಿದ್ರು!”

ಗ್ರಹಗಳಿಲ್ಲದ ಹುಡುಗ

ತುಮಕೂರಿನಲ್ಲೇ ಒಬ್ಬರು ಜೋಯಿಸರಿದ್ದರು. ಪಂಚಾಂಗ ಬಿಟ್ಟು ಕಂಪ್ಯೂಟರಿಗೆ ಬಂದವರಲ್ಲಿ ಮೊದಲಿಗರು. ಒಂದು ದಿನ ಬೆಳಿಗ್ಗೆಯೇ ಫೋನ್ ಮಾಡಿ ಪಿಸುಗುಟ್ಟಿದರು: “ಈಗಿಂದೀಗ್ಲೇ ಬಾರಯ್ಯ. ಬರೋವಾಗ ಕೈಕಾಲು ತೊಳ್ಕೊಂಡು ಬಾ.”

ಹೋದೆ. ಕಿಟಕಿಗೆ ಪರದೆ ಹಾಕಿದ ಸಣ್ಣ ಕೋಣೆ, ಧೂಪದ ಹೊಗೆ, ಒಂದೇ ಬಲ್ಬು. ಚಾಪೆಯ ಮೇಲೆ, ಮದುವೆಗೆ ಜಾತಕ ತೋರಿಸಲು ಬಂದ ಹೆಣ್ಣಿನ ತಂದೆ, ಅವರ ಅಕ್ಕ ಕೂತಿದ್ದರು. ಇಬ್ಬರ ಮುಖದಲ್ಲೂ ರಕ್ತ ಇರಲಿಲ್ಲ. ಜೋಯಿಸರು ಮಾನಿಟರಿನ ಕಡೆ ಬೆರಳು ತೋರಿಸಿದರು.

ಮೈಸೂರಿನ ಗಂಡಿನ ಕಡೆಯವರು ಇ-ಮೇಲಿನಲ್ಲಿ ಕಳಿಸಿದ ಜಾತಕ. ಮೇಲೆ ಹುಡುಗನ ಹೆಸರು ಸರಿಯಾಗಿದೆ. ಕೆಳಗೆ ಕುಂಡಲಿಯ ಹನ್ನೆರಡು ಮನೆಗಳೂ ಇವೆ. ಆದರೆ ಒಂದೊಂದೂ ಖಾಲಿ. ಬಾಡಿಗೆಗೆ ಯಾರೂ ಬರದ ವಠಾರದ ಹಾಗೆ.

“ನನ್ನ ತಂದೆ ಕಾಲದಿಂದ ಎಷ್ಟೋ ಜಾತಕ ನೋಡಿದೀನಿ,” ಅಂದರು ಜೋಯಿಸರು. “ಕೆಟ್ಟ ಗ್ರಹ ಇರೋವು ನೋಡಿದೀನಿ. ಗ್ರಹಗಳೇ ಇಲ್ಲದ ಮನುಷ್ಯನ್ನ ನೋಡಿರಲಿಲ್ಲ.”

ಅಕ್ಕ ಮೆಲ್ಲಗೆ ಕೇಳಿದರು: “ಗ್ರಹ ಇಲ್ದೆ ಹುಟ್ಟೋದು ಹೆಂಗೆ ಸ್ವಾಮಿ?”

“ಹುಟ್ಟಿದಾನೆ ಕಣಕ್ಕಾ, ಫೋಟೋ ನೋಡಿದ್ವಲ್ಲ,” ಅಂದರು ತಂದೆ.

“ಫೋಟೋದಾಗೆ ನೆರಳು ಬಿದ್ದಿತ್ತಾ? ನೋಡಿದ್ಯಾ?”

ತಂದೆ ಜೇಬಿನಿಂದ ಫೋಟೋ ತೆಗೆದರು. ಸ್ಟುಡಿಯೋದಲ್ಲಿ ತೆಗೆಸಿದ್ದು. ಹುಡುಗ ಕೈ ಕಟ್ಟಿ ನಿಂತಿದ್ದ. ಹಿಂದೆ ಮುಂದೆ ಎಲ್ಲೂ ನೆರಳಿರಲಿಲ್ಲ. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಬಲ್ಬು ಆರಿ, ಯುಪಿಎಸ್ ಕೀಂ ಕೀಂ ಅಂತ ಕೂಗಲು ಶುರುಮಾಡಿತು. ಆ ಖಾಲಿ ಮನೆಗಳ ಬೆಳಕೊಂದೇ ನಾಲ್ಕು ಜನರ ಮುಖದ ಮೇಲೆ ಬೀಳುತ್ತಿತ್ತು. ಅಕ್ಕ ತಾಳಿ ಹಿಡಿದುಕೊಂಡು ದೇವರ ಹೆಸರು ಹೇಳತೊಡಗಿದರು.

ಆಗಲೇ ಮಾನಿಟರಿನ ಮೇಲ್ತುದಿಯಲ್ಲಿ ತೆಳ್ಳನೆ ಹಳದಿ ಪಟ್ಟಿ ನನ್ನ ಕಣ್ಣಿಗೆ ಬಿತ್ತು. ಹೊರಗಿನಿಂದ ಬಂದ ಫೈಲಿನೊಳಗೆ ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ ಏನಾದರೂ ಇದ್ದರೆ ಕಂಪ್ಯೂಟರು ಅದನ್ನು ತಡೆದು ಹೀಗೆ ಪಟ್ಟಿ ತೋರಿಸುತ್ತದೆ. ಈ ಜಾತಕದಲ್ಲಿ ಮನೆಗಳು ಬರೀ ಗೆರೆಗಳು. ಗ್ರಹಗಳನ್ನು ಕರೆತಂದು ಕೂರಿಸುವ ಕೆಲಸ ಆ ಪ್ರೋಗ್ರಾಮಿನದು. ಅದನ್ನು ಬಾಗಿಲಲ್ಲೇ ನಿಲ್ಲಿಸಿದ್ದರಿಂದ ಗ್ರಹಗಳೂ ಹೊರಗೇ ನಿಂತಿದ್ದವು. ಪಟ್ಟಿ ಒತ್ತಿದೆ. ‘ಇದರಿಂದ ಅಪಾಯ ಆಗಬಹುದು. ಖಂಡಿತ ಒಳಗೆ ಬಿಡಲೇ?’ ಎಂದು ಕೇಳಿತು. ಓದಿ ಹೇಳಿದೆ.

ಜೋಯಿಸರು ಕೈ ಎತ್ತಿಬಿಟ್ಟರು. “ಅದನ್ನ ಹೆಣ್ಣಿನ ತಂದೇನೇ ಹೇಳ್ಬೇಕು.”

ತಂದೆ ಕಣ್ಣು ಮುಚ್ಚಿ, “ಬುಡಿ ಸಾರ್, ಬರ್ಲಿ,” ಅಂದರು.

ಕಂಪ್ಯೂಟರು ನಿಧಾನದ್ದು. ಗ್ರಹಗಳು ಒಂದೊಂದಾಗಿ ಬಂದವು. ಸೂರ್ಯ ಬಂದ, ಚಂದ್ರ ಬಂದ. ಗುರು ಬಂದು ಒಳ್ಳೆ ಮನೆಯಲ್ಲಿ ಕೂತಾಗ ಜೋಯಿಸರ ಮುಖ ಅರಳಿತು. ಶುಕ್ರನೂ ಬಂದ. ಅಕ್ಕ ಕಣ್ಣೊರೆಸಿಕೊಂಡು, “ಹುಡುಗ ಅವ್ನೆ ಕಣೋ, ಅವ್ನೆ!” ಅಂದರು. ಕೊನೆಗೆ ಶನಿ ಬಂದ. ಬಂದವನು ಸುಮ್ಮನೆ ಹೋಗಿ ಏಳನೇ ಮನೆಯಲ್ಲಿ, ಮದುವೆಯ ಮನೆಯಲ್ಲಿ, ಕೂತುಬಿಟ್ಟ.

ಜೋಯಿಸರು ತಲೆ ಅಲ್ಲಾಡಿಸಿದರು. ತಂದೆ ನನ್ನ ಹತ್ತಿರ ಜರುಗಿ ಕಿವಿಯಲ್ಲಿ ಕೇಳಿದರು: “ಸಾರ್, ಅವನೊಬ್ಬನ್ನ ಮಾತ್ರ ಮತ್ತೆ ಬ್ಲಾಕ್ ಮಾಡಾಕಾಗಲ್ವಾ?”

ಅಟ್ಟದ ಸದ್ದು

ನಿಟ್ಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಗೋಡೌನು. ನಮ್ಮ ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡರೆ, ಕಾಯಿ ಅಲ್ಲಾಡಿದಾಗ ಲೊಡಲೊಡ ಅನ್ನುತ್ತದೆ. ಆ ಅಟ್ಟದ ಕೆಳಗೆ ಕಂಪ್ಯೂಟರ್ ಇಟ್ಟುಕೊಂಡು ಒಬ್ಬರು ಮ್ಯಾನೇಜರು ಕೂರುತ್ತಿದ್ದರು.

ಒಂದು ಬೆಳಿಗ್ಗೆ ಅವರು ಫೋನ್ ಮಾಡಿ, ಆಡಿಟರು ಕೊಟ್ಟ ಫೈಲು ತೆಗೆಯುವುದಿಲ್ಲ, ಸೆಕ್ಯುರಿಟಿ ಹೈ ಇದೆ ಅಂತ ಬರುತ್ತಿದೆ ಅಂದರು. ನಾನು ಇನ್ನೊಂದು ಕೆಲಸದಲ್ಲಿದ್ದೆ. “ಸೆಕ್ಯುರಿಟಿ ಲೋ ಮಾಡಿ ಆಮೇಲೆ ತೆಗೀರಿ,” ಅಂದೆ.

“ಲೋ ಅಂದ್ರೆ ಸಾರ್?”

“ಸದ್ಯಕ್ಕೆ ಸೆಕ್ಯುರಿಟಿ ಇಲ್ಲ ಅಂತ ಮಾಡಿ. ಕೆಲಸ ಮುಗಿದ ಮೇಲೆ ಮತ್ತೆ ಹಾಕ್ಕೊಂಡ್ರಾಯ್ತು.”

ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಅವರದೇ ಫೋನು. ದನಿ ತಗ್ಗಿತ್ತು.

“ಸಾರ್, ನೀವು ಹೇಳ್ದಂಗೆ ಮಾಡ್ದೆ. ಫೈಲ್ ಮಾತ್ರ ತೆಗೀತಿಲ್ಲ. ಅದಿರ್ಲಿ ಬುಡಿ. ಮ್ಯಾಲೆ ಯಾರೋ ಅವ್ರೆ.”

“ಮೇಲೆ ಅಂದ್ರೆ?”

“ಅಟ್ಟದಾಗೆ. ಕಾಯಿ ಅಲ್ಲಾಡ್ತಾವೆ. ಕೇಳಿಸ್ಕೊಳ್ಳಿ.”

ರಿಸೀವರನ್ನು ಮೇಲಕ್ಕೆ ಹಿಡಿದರು ಅಂತ ಕಾಣುತ್ತೆ. ಲೊಡ ಲೊಡ ಲೊಡ. ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದೇ ಒಂದು ಸಲ, ಲೊಡ. ಯಾರೋ ಕಾಲು ಊರಿ ಯೋಚನೆ ಮಾಡುತ್ತಿರುವ ಹಾಗೆ. ತುಮಕೂರಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತಿದ್ದ ನನಗೇ ಬೆನ್ನು ತಣ್ಣಗಾಯಿತು.

“ಇಲಿ ಇರ್ಬೇಕು,” ಅಂದೆ.

“ಇಲಿ ಕೆಮ್ಮುತ್ತಾ ಸಾರ್?”

“ನೀವೊಬ್ರೇ ಯಾಕೆ ಇದೀರಿ? ಗೇಟಿನಲ್ಲಿ ಸೆಕ್ಯುರಿಟಿಯವರಿದ್ರಲ್ಲ, ಕರೀರಿ.”

“ನೀವೇ ತಾನೆ ಸಾರ್ ಸದ್ಯಕ್ಕೆ ಸೆಕ್ಯುರಿಟಿ ಬ್ಯಾಡ ಅಂದಿದ್ದು? ಬೆಳಿಗ್ಗೆನೇ ಕಳಿಸ್ಬುಟ್ಟೆ.”

ನಾನು ತಲೆ ಹಿಡಿದುಕೊಂಡೆ. ಫೋನ್ ಇಡಬೇಡಿ, ಬ್ಯಾಟರಿ ಹಿಡಿದು ಹೋಗಿ ನೋಡಿ, ನಾನು ಲೈನಿನಲ್ಲೇ ಇರುತ್ತೇನೆ ಅಂದೆ. ಅವರು ರಿಸೀವರನ್ನು ಮೇಜಿನ ಮೇಲಿಟ್ಟರು. ಏಣಿ ಕಿರುಗುಟ್ಟುವುದು ಕೇಳಿಸಿತು. ಆಮೇಲೆ ಕಾಯಿಗಳ ಸದ್ದು. ಆಮೇಲೆ ನಿಶ್ಶಬ್ದ. ಇದ್ದಕ್ಕಿದ್ದಂತೆ ಒಂದು ಕಿರುಚು, ಅದರ ಮೇಲೆ ಇನ್ನೊಂದು ಕಿರುಚು, ಬುಟ್ಟಿಗಟ್ಟಲೆ ಕಾಯಿ ಉರುಳಿದ ಸದ್ದು. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಮ್ಯಾನೇಜರು ಏದುಸಿರು ಬಿಡುತ್ತಾ ಬಂದು ಫೋನ್ ತೆಗೆದುಕೊಂಡರು.

“ನಮ್ ಸೆಕ್ಯುರಿಟಿ ತಾತಾನೇ ಸಾರ್! ಹೊತ್ತಲ್ಲದ ಹೊತ್ನಾಗೆ ಮನೆಗೋದ್ರೆ ಹೆಂಡ್ರು ಬೈತಾಳೆ ಅಂತ ಅಟ್ಟ ಹತ್ತಿ ಮಲ್ಗವ್ನೆ. ನೀವು ಲೋ ಮಾಡಿ ಅಂದ್ರಿ. ಈವಯ್ಯ ಇನ್ನೂ ಹೈನಾಗೇ ಅವ್ನೆ. ಫೈಲು ಎಲ್ಲಿಂದ ತೆಗೀತದೆ!”

ಮೂರನೇ ಅಂಕ

ಗುಬ್ಬಿಯಲ್ಲಿ ಒಬ್ಬರು ರಿಟೈರ್ಡ್ ಕನ್ನಡ ಮೇಷ್ಟ್ರು ಇದ್ದರು. ಪ್ರತಿ ವರ್ಷ ಒಂದು ನಾಟಕ ಬರೆದು ಊರಿನವರ ಕೈಲಿ ಆಡಿಸುತ್ತಿದ್ದರು. ಆ ವರ್ಷದ ನಾಟಕದ ಎರಡು ಅಂಕ ತಂಡದ ಕೈಗೆ ಕೊಟ್ಟು, ಮೂರನೆಯದು ಕೊಡುವ ಮುಂಚೆ ತೀರಿಕೊಂಡರು. ಅದು ಅವರ ಕಂಪ್ಯೂಟರಿನಲ್ಲಿ ಇರಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಅವರು ಹೋದ ಮೇಲೆ ಕಂಪ್ಯೂಟರು ಕೆಟ್ಟು, ಯಾರೋ ಹೊಸದಾಗಿ ವಿಂಡೋಸ್ ಹಾಕಿಕೊಟ್ಟಿದ್ದರು. ಅಂದಿನಿಂದ ಮೇಷ್ಟ್ರ ಹೆಸರಿನ ಫೋಲ್ಡರು ಮುಟ್ಟಿದರೆ ಒಂದೇ ಮಾತು: ‘ಅನುಮತಿ ಇಲ್ಲ.’

ನಾನು ಹೋದಾಗ ಮಧ್ಯಾಹ್ನ. ನಡುಮನೆಯಲ್ಲಿ ಮೇಷ್ಟ್ರ ಫೋಟೋ, ಹೂವು, ಕೆಳಗೆ ಹುಟ್ಟಿದ ತಾರೀಖು, ತೀರಿಕೊಂಡ ತಾರೀಖು. ಪಕ್ಕದಲ್ಲೇ ಕಂಪ್ಯೂಟರು, ಅದರ ಮುಂದೆ ಅವರ ಕುರ್ಚಿ, ಕುರ್ಚಿಯ ಮೇಲೆ ಅವರ ಶಾಲು. ರಾಜನ ಪಾರ್ಟು ಮಾಡುತ್ತಿದ್ದ ಬಸ್ ಏಜೆಂಟರು, ಮಂತ್ರಿ ಪಾರ್ಟಿನ ಕಿರಾಣಿ ಅಂಗಡಿಯವರು, ಇಬ್ಬರೂ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಟಿಕೆಟು ಆಗಲೇ ಹಂಚಿಬಿಟ್ಟಿದ್ದರಂತೆ. ಅಡಿಗೆಮನೆ ಬಾಗಿಲಲ್ಲಿ ಮೇಷ್ಟ್ರ ಹೆಂಡತಿ.

“ಕೂತ್ಕೊಳಪ್ಪಾ,” ಅಂದರು ಆ ತಾಯಿ.

“ಆ ಕುರ್ಚಿ ಬ್ಯಾಡ ಸಾರ್,” ಅಂತ ರಾಜ ತಡೆದ. “ಬದುಕಿದ್ದಾಗ್ಲೇ ಯಾರ್ನೂ ಕೂರಾಕ್ ಬಿಟ್ಟೋರಲ್ಲ.”

ಸ್ಟೂಲು ಎಳೆದುಕೊಂಡು ಕೂತೆ. ಆ ವಿಂಡೋಸಿನಲ್ಲಿ ಫೋಲ್ಡರಿನ ಒಡೆತನ ಬದಲಾಯಿಸಬೇಕಾದರೆ ಸೇಫ್ ಮೋಡ್ ಅಂತ ಒಂದು ಸ್ಥಿತಿಗೆ ಹೋಗಬೇಕಿತ್ತು. ಆಗ ಪರದೆ ಪೂರ್ತಿ ಕಪ್ಪಾಗಿ, ನಾಲ್ಕು ಮೂಲೆಯಲ್ಲೂ ಅದೇ ಎರಡು ಪದ ಬಿಳಿ ಅಕ್ಷರದಲ್ಲಿ ಮೂಡುತ್ತವೆ. ಮೂಡಿದವು.

“ದಿಗ್ಬಂಧನ!” ಅಂದ ಮಂತ್ರಿ. “ನಾಲ್ಕು ದಿಕ್ಕಿಗೂ ಹಾಕವ್ರೆ!”

ಫೋಲ್ಡರಿನ ಒಡೆಯ ಯಾರೆಂದು ತೆಗೆದು ನೋಡಿದೆ. ಹೆಸರಿಲ್ಲ. ಹೆಸರಿರಬೇಕಾದ ಕಡೆ ಉದ್ದನೆಯ ಅಂಕಿಗಳ ಸಾಲು. ಹಳೇ ವಿಂಡೋಸಿನ ಜೊತೆ ಮೇಷ್ಟ್ರ ಖಾತೆಯೂ ಹೋಗಿದ್ದರಿಂದ, ಇದಕ್ಕೆ ಒಬ್ಬ ಒಡೆಯನಿದ್ದಾನೆ ಅನ್ನುವುದಷ್ಟೇ ಕಂಪ್ಯೂಟರಿಗೆ ಗೊತ್ತು, ಯಾರು ಅಂತ ಗೊತ್ತಿಲ್ಲ. ಅದನ್ನೇ ಹೇಳಿದೆ.

“ಹೋದೋರಿಗೆ ಹೆಸರೆಲ್ಲಿ ಉಳಿಯುತ್ತಪ್ಪಾ,” ಅಂದರು ಆ ತಾಯಿ, ಮೆಲ್ಲಗೆ.

ರಾಜನಿಂದ ತಡೆದುಕೊಳ್ಳಲಾಗಲಿಲ್ಲ. ಒಡೆತನ ಬದಲಾಯಿಸುವ ಮುಂಚೆ ಒಂದು ಮಾತು ಕೇಳಲೇಬೇಕು ಅಂತ ಫೋಟೋಗೆ ಕರ್ಪೂರ ಹಚ್ಚಿ ಕೈ ಮುಗಿದ. “ಮೇಷ್ಟ್ರೇ, ನಾಟಕ ನಿಂತೋಯ್ತದೆ. ಅಪ್ಪಣೆ ಕೊಡಿ.” ಫ್ಯಾನಿನ ಗಾಳಿಗೋ ಏನೋ, ಫೋಟೋದ ಬಲಗಡೆಯಿಂದ ಒಂದು ಹೂವು ಜಾರಿ ಬಿತ್ತು. ಮೂವರೂ ಅದನ್ನೇ ನೋಡಿದೆವು. ನಾನು ಒತ್ತಿದೆ.

ಫೋಲ್ಡರು ತೆರೆಯಿತು. ಫೈಲೂ ತೆರೆಯಿತು. ಆದರೆ ಒಳಗಿದ್ದದ್ದು ಕನ್ನಡವಲ್ಲ, ಇಂಗ್ಲಿಷೂ ಅಲ್ಲ. ಕೊಂಬು, ಚುಕ್ಕೆ, ಗೀಟುಗಳ ಒಂದು ವಿಚಿತ್ರ ಲಿಪಿ, ಪುಟಗಟ್ಟಲೆ. ರಾಜ ಹಿಂದೆ ಸರಿದು ಬಾಗಿಲಿಗೆ ತಲೆ ತಾಗಿಸಿಕೊಂಡ. “ಮನುಷ್ಯರ ಭಾಷೆ ಅಲ್ಲ ಇದು!” ಅದು ಕನ್ನಡ ಫಾಂಟು ಇಲ್ಲದ್ದರ ಫಲ ಅಂತ ನನಗೆ ಗೊತ್ತಿತ್ತು. ಸಿ.ಡಿ.ಯಿಂದ ಫಾಂಟು ಹಾಕಿದೆ. ಕಣ್ಣೆದುರಿಗೇ ಆ ಗೀಟುಗಳೆಲ್ಲ ಕನ್ನಡವಾದವು. ‘ಅಂಕ ಮೂರು.’

ಅಲ್ಲಿಯವರೆಗೆ ನನಗೆ ಭಯವೇನೂ ಇರಲಿಲ್ಲ. ಕಾಪಿ ಮಾಡಿಕೊಳ್ಳುವಾಗ ಫೈಲಿನ ಪಕ್ಕದ ತಾರೀಖು ಕಂಡಿತು. ಕೊನೆಯ ಸಲ ತಿದ್ದಿದ್ದು ಯಾವಾಗ ಅಂತ ಕಂಪ್ಯೂಟರು ಬರೆದಿಟ್ಟುಕೊಳ್ಳುತ್ತದಲ್ಲ, ಅದು. ನಾನು ಫೋಟೋದ ಕೆಳಗಿನ ತಾರೀಖು ನೋಡಿದೆ. ಮತ್ತೆ ಇದನ್ನು ನೋಡಿದೆ. ಫೈಲು ತಿದ್ದಿದ್ದು ಮೇಷ್ಟ್ರು ತೀರಿಕೊಂಡ ಮೇಲೆ.

ಹಿಂದೆ ನಿಂತಿದ್ದ ಮಂತ್ರಿಯೂ ನೋಡಿಬಿಟ್ಟಿದ್ದ. “ಸಾರ್... ತಿಥಿ ಊಟ ಮಾಡಿದ ಮಾರನೇ ದಿನ ಅಲ್ವಾ ಅದು?”

“ಒಳಗಿನ ಬ್ಯಾಟರಿ ಹೋಗಿರ್ಬೇಕು,” ಅಂದೆ. ಬ್ಯಾಟರಿ ಹೋದರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆಯೇ ಹೊರತು ಮುಂದಕ್ಕೆ ಬರುವುದಿಲ್ಲ. ಅದನ್ನು ಹೇಳುವ ಧೈರ್ಯ ಬರಲಿಲ್ಲ. ಪಕ್ಕದ ಖಾಲಿ ಕುರ್ಚಿಯ ಕಡೆ ನೋಡುವುದನ್ನೂ ಬಿಟ್ಟೆ.

ಕಂಪ್ಯೂಟರನ್ನು ಮಾಮೂಲಿ ಸ್ಥಿತಿಗೆ ತಂದು ಪ್ರಿಂಟು ತೆಗೆದುಕೊಟ್ಟೆ. ರಾಜ ಅದನ್ನು ಹಿಡಿದು ಗಟ್ಟಿಯಾಗಿ ಓದಲು ಶುರುಮಾಡಿದ. ಓದುತ್ತಾ ಓದುತ್ತಾ ದನಿ ಇಳಿಯಿತು. ಮೊದಲ ಎರಡು ಅಂಕದಲ್ಲಿ ರಾಣಿಗೆ ಇದ್ದದ್ದು ಎರಡೇ ಮಾತಂತೆ, ‘ಪ್ರಭೂ’ ಮತ್ತು ‘ಆಗಲಿ ಪ್ರಭೂ.’ ಈ ಅಂಕದಲ್ಲಿ ರಾಣಿ ಸಿಂಹಾಸನದ ಮುಂದೆ ನಿಂತು ಪುಟಗಟ್ಟಲೆ ಮಾತಾಡುತ್ತಾಳೆ. ಯುದ್ಧಕ್ಕೆ ಹೋಗುವಾಗ ನನ್ನನ್ನು ಕೇಳಿದೆಯಾ, ಸೋತು ಬಂದಾಗ ಬಾಗಿಲು ತೆಗೆದವರು ಯಾರು, ನಿನ್ನ ಕೀರ್ತಿಯನ್ನೆಲ್ಲ ಕೂತು ಬರೆದಿಟ್ಟ ಕೈ ಯಾವುದು ಅಂತ ಒಂದೊಂದೇ ಕೇಳುತ್ತಾಳೆ. ನಾಟಕದ ರಾಜ ಅಷ್ಟು ಹೊತ್ತೂ ತಲೆ ತಗ್ಗಿಸಿ ನಿಂತು, ಕೊನೆಗೆ ಒಂದೇ ಮಾತು ಹೇಳಬೇಕು: ‘ಆಗಲಿ ದೇವೀ.’

“ಮೇಷ್ಟ್ರು ಹಿಂಗ್ ಬರೆಯೋರಲ್ಲ,” ಅಂದ ರಾಜ.

“ಬದುಕಿದ್ದಾಗ ಬರೆಯೋರಲ್ಲ,” ಅಂದ ಮಂತ್ರಿ, ತಾರೀಖಿನ ಕಡೆ ಕಣ್ಣು ಮಾಡಿ. “ಅಲ್ಲೋದ್ಮೇಲೆ ಬುದ್ಧಿ ಬಂದಿರ್ತದೆ.”

“ಒಂದಕ್ಷರ ತೆಗೆಯಂಗಿಲ್ಲ, ಒಂದಕ್ಷರ ಸೇರಿಸಂಗಿಲ್ಲ,” ಅಂತ ರಾಜ ತೀರ್ಮಾನ ಹೇಳಿದ. ಇಬ್ಬರೂ ಫೋಟೋಗೆ ಅಡ್ಡಬಿದ್ದು, ಪ್ರಿಂಟನ್ನು ಕಣ್ಣಿಗೊತ್ತಿಕೊಂಡು, ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೊರಟುಹೋದರು.

ನಾನು ಬ್ಯಾಗು ತುಂಬಿಕೊಳ್ಳುತ್ತಿದ್ದೆ. ಆ ತಾಯಿ ಕಾಫಿ ತಂದಿಟ್ಟರು. ಆಮೇಲೆ ಕುರ್ಚಿಯ ಮೇಲಿನ ಶಾಲು ತೆಗೆದು ಮಡಿಸಿ ಪಕ್ಕಕ್ಕಿಟ್ಟು, ಆರಾಮಾಗಿ ಅದರಲ್ಲಿ ಕೂತರು. ಮೌಸ್ ಹಿಡಿದು ಸರಸರ ಕೆಳಗಿನ ಪುಟಕ್ಕೆ ಹೋದರು. ಕೀಲಿ ನೋಡದೆ ಏನೋ ಒಂದು ಟಕಟಕ ಒತ್ತಿದರು.

“ಇಲ್ಲೊಂದು ಒತ್ತಕ್ಷರ ಬಿಟ್ಟೋಗಿತ್ತು,” ಅಂದರು.

“ಅಮ್ಮಾ, ನಿಮಗೆ ಟೈಪಿಂಗ್ ಬರುತ್ತಾ?”

“ಅವರಿಗೆ ಕಣ್ಣು ಮಂಜಾಗಿ ಎಷ್ಟೋ ವರ್ಷ ಆಗಿತ್ತಪ್ಪಾ. ಎಲ್ಲಾ ನಾಟಕಾನೂ ಅವರು ಹೇಳೋರು, ನಾನು ಹೊಡೀತಿದ್ದೆ. ಈ ಸಲ ಹೇಳೋರು ಇರ್ಲಿಲ್ಲ.”

ನಾನು ಬಾಗಿಲ ಕಡೆ ನೋಡಿದೆ. ರಾಜನೂ ಮಂತ್ರಿಯೂ ಬೀದಿಯ ತುದಿಯಲ್ಲಿ ಇನ್ನೂ ಕಾಣುತ್ತಿದ್ದರು. “ಪಾಪ, ತುಂಬಾ ಹೆದರಿದಾರೆ. ಕೂಗಿ ಹೇಳಿಬಿಡ್ಲಾ ಅಮ್ಮ?”

“ಬೇಡ ಕಣಪ್ಪಾ,” ಅಂದರು ಆ ತಾಯಿ. “ದೆವ್ವ ಬರೆದದ್ದು ಅಂತಾನೇ ಇರಲಿ. ನಾನು ಬರೆದದ್ದು ಅಂದ್ರೆ ತಿದ್ದೋಕ್ ಬರ್ತಾರೆ.”